ಅರಮನೆಯ ಜನಜಂಗುಳಿ ದೇವರಾಜ ಮಾರುಕಟ್ಟೆಯನ್ನು ಯಾಕೆ ಉಳಿಸಲಿಲ್ಲ?

ಮೈಸೂರು ಅರಮನೆ ನೋಡಲು ಒಳ್ಳೆಯ ವರ್ಷಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ದೇವರಾಜ ಮಾರುಕಟ್ಟೆ. ದಸರೆಯ ಜಂಬೂಸವಾರಿ ಸಾಗುವುದೂ ಅದರ ಪಕ್ಕದ ಸಯ್ಯಾಜಿರಾವ್ ರಸ್ತೆಯಲ್ಲೇ. ಹಾಗಿದ್ದೂ 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಧನ್ವಂತ್ರಿ ರಸ್ತೆ ಕಡೆಯ ಭಾಗ ಕುಸಿದುಬಿತ್ತು. ಪ್ರವಾಸಿಗರು ಬಂದರೆ ಹಳೇ ಪೇಟೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಅನ್ನುವ ಮಾತು ಮೈಸೂರಿನಲ್ಲಂತೂ ನಿಜವಾಗಿಲ್ಲ.

ಈ ಪೇಟೆ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ವಾರದ ಸಂತೆ ಸೇರುತ್ತಿದ್ದ ಜಾಗವೇ ಮುಂದೆ ಮಾರುಕಟ್ಟೆಯಾಯಿತು. ಸುತ್ತಮುತ್ತ ಒಂದೊಂದಾಗಿ ಕಟ್ಟಡಗಳೂ ಎದ್ದವು. 1884ರಲ್ಲಿ ರಂಗಾಚಾರ್ಲು ಪುರಭವನಕ್ಕೆ ಅಡಿಗಲ್ಲು ಬಿತ್ತು. 1886ರಲ್ಲಿ ಡಫರಿನ್ ಗಡಿಯಾರ ಗೋಪುರ ಬಂತು, ಊರಿನವರ ಬಾಯಲ್ಲಿ ಅದು ಚಿಕ್ಕ ಗಡಿಯಾರ. ವೈಸರಾಯ್ ಲ್ಯಾನ್ಸ್‌ಡೌನ್ ಬಂದು ಹೋದ ನೆನಪಿಗೆ 1892ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಎದ್ದಿತು. ಇವತ್ತು ಎಲ್ಲರೂ ನೋಡಲು ಬರುವ ಅರಮನೆ ಇವುಗಳಿಗಿಂತ ಚಿಕ್ಕದು, ಅಂದರೆ ವಯಸ್ಸಿನಲ್ಲಿ. ಹಳೆಯದು 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ ಅದು ಮುಗಿದದ್ದು 1912ರಲ್ಲಿ.

ಮಾರುಕಟ್ಟೆಯಲ್ಲಿ 800ರಷ್ಟು ಮಳಿಗೆಗಳಿವೆ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ತರಕಾರಿ, ಗ್ರಂಥಿಗೆ. ಬಣ್ಣಬಣ್ಣದ ಕುಂಕುಮದ ಗುಡ್ಡೆಗಳ ಫೋಟೋ ತೆಗೆಯಲು ವಿದೇಶಿಯರು ಮುಗಿಬೀಳುತ್ತಾರೆ. ಆದರೆ ವ್ಯಾಪಾರ ನಡೆಯುವುದು ಫೋಟೋದಿಂದಲ್ಲ. ಬೆಳಗ್ಗೆ ಎದ್ದು ಹೂವು, ಸೊಪ್ಪು ಕೊಳ್ಳಲು ಬರುವ ಮೈಸೂರಿನವರಿಂದ. ಪ್ರವಾಸಿಗರ ಬಸ್ಸು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ ಊಟಿ ರಸ್ತೆ ಹಿಡಿಯುತ್ತದೆ. ಪೇಟೆಯಲ್ಲಿ ಅದನ್ನು ನಿಲ್ಲಿಸಲು ಜಾಗವೂ ಇಲ್ಲ.

ಕಟ್ಟಡ ಹಾಳಾದ ಕಥೆ ಬಾಡಿಗೆಯಿಂದ ಶುರುವಾಗುತ್ತದೆ. ಮಳಿಗೆಗಳ ಒಡೆತನ ನಗರ ಪಾಲಿಕೆಯದು. ಬಾಡಿಗೆ ಹೊರಗಿನ ದರಕ್ಕಿಂತ ತುಂಬಾ ಕಡಿಮೆ. ಇದರಿಂದ ಸಣ್ಣ ವ್ಯಾಪಾರಿಗಳು ತಲೆಮಾರುಗಳಿಂದ ಅಲ್ಲೇ ಉಳಿದರು, ಅದು ದೊಡ್ಡ ಲಾಭ. ಆದರೆ ಸುಣ್ಣದ ಗಾರೆಯ ಹಳೇ ಗೋಡೆಗೆ ಬೇಕಾದ ದುರಸ್ತಿಗೆ ಆ ಹಣ ಯಾವತ್ತೂ ಸಾಲದು. ಮಾಡಿದ ತೇಪೆ ಕೆಲಸಕ್ಕೂ ಸಿಮೆಂಟ್ ಬಳಸಿದರೆ ತೇವ ಗೋಡೆಯೊಳಗೇ ಉಳಿದು ಇಟ್ಟಿಗೆ ಕೊಳೆಯುತ್ತದೆ. ಪ್ರವಾಸೋದ್ಯಮದ ದುಡ್ಡು ಈ ಗೋಡೆಗಳವರೆಗೆ ಬರಲೇ ಇಲ್ಲ.

ಮೊದಲ ಎಚ್ಚರಿಕೆ ಸಿಕ್ಕಿದ್ದು 2012ರ ಆಗಸ್ಟ್‌ನಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕ ಹುಡುಕಿಕೊಂಡು ಆ ಕಟ್ಟಡಕ್ಕೆ ಹೋಗುತ್ತಿದ್ದವರಿಗೆ ಅಲ್ಲಿನ ಅಂಗಡಿಸಾಲು ಆವತ್ತಿಗೆ ತಪ್ಪಿಹೋಯಿತು. ನಾಲ್ಕು ವರ್ಷಕ್ಕೆ ಮಾರುಕಟ್ಟೆಯೂ ಕುಸಿಯಿತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಆಮೇಲೆ ನಡೆದದ್ದು ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟ. ಸುಣ್ಣದ ಗಾರೆಯಲ್ಲೇ ಸರಿಪಡಿಸಬಹುದು ಅಂದರು ಪಾರಂಪರಿಕ ಕಟ್ಟಡಗಳ ತಜ್ಞರು. ಕೆಡವಿ ಅದೇ ಮಾದರಿಯಲ್ಲಿ ಕಟ್ಟುತ್ತೇವೆ ಅಂದಿತು ಆಡಳಿತ. 2023ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆಡಳಿತದ ದಾರಿಗೆ ಒಪ್ಪಿಗೆ ಕೊಟ್ಟಿತು.

ಅದೇ ಮಾದರಿಯ ಕಮಾನು, ಅದೇ ಬಣ್ಣ ಸಾಕಾ? ನನಗೆ ಹಾಗನ್ನಿಸುವುದಿಲ್ಲ. ಮಲೇಷ್ಯಾದ ಪೆನಾಂಗ್‌ನ ಜಾರ್ಜ್ ಟೌನ್ ನೋಡಿ. ಅಲ್ಲಿ 2000ದಲ್ಲಿ ಬಾಡಿಗೆ ನಿಯಂತ್ರಣ ಕಾನೂನು ಹೋಯಿತು. 2008ರಲ್ಲಿ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೇ ಅಂಗಡಿಮನೆಗಳು ಚೆಂದಗೆ ದುರಸ್ತಿಯಾಗಿ ಹೋಟೆಲ್, ಕೆಫೆಗಳಾದವು. ಅಲ್ಲಿದ್ದ ಎಷ್ಟೋ ಕುಶಲಕರ್ಮಿಗಳು, ಬಾಡಿಗೆಯ ಕುಟುಂಬಗಳು ಹೊರಬೀಳಬೇಕಾಯಿತು. ಕಟ್ಟಡ ಉಳಿಯಿತು, ಜನ ಹೋದರು.

ಮೈಸೂರಿಗೆ ಎರಡೂ ಬೇಕು. ಹೂವು ಕಟ್ಟುವವರು ಎದ್ದುಹೋದ ಮಾರುಕಟ್ಟೆಯಲ್ಲಿ ಪ್ರವಾಸಿಗರಿಗೆ ತಾನೇ ನೋಡಲು ಏನಿರುತ್ತದೆ? ಹಾಗಾಗಿ ಕೆಡವುವ ಮುಂಚೆ ಮೂರು ವಿಷಯ ಲಿಖಿತವಾಗಿ ಇತ್ಯರ್ಥವಾಗಬೇಕು: ಕೆಲಸ ನಡೆಯುವಷ್ಟು ಕಾಲ ವ್ಯಾಪಾರ ಎಲ್ಲಿ, ಮುಗಿದ ಮೇಲೆ ಯಾರಿಗೆ ಯಾವ ಮಳಿಗೆ, ಬಾಡಿಗೆ ಎಷ್ಟು. ದುರಸ್ತಿಗೆ ಸಾಕಾಗುವ ಬಾಡಿಗೆಯನ್ನು ಸೊಪ್ಪು ಮಾರುವವರಿಂದ ವಸೂಲಿ ಮಾಡಲು ಆಗುವುದಿಲ್ಲ. ಆ ಕೊರತೆಯನ್ನು ಅರಮನೆ ನೋಡಲು ಬರುವವರಿಂದ ಊರಿಗೆ ಸಿಗುವ ಆದಾಯದ ಒಂದು ಪಾಲು ತುಂಬಲಿ.