ವಿಸ್ಕಿಯ ಹೊಗೆ ಪೀಪಾಯಿಯಿಂದ ಬರುವುದಲ್ಲ

ಪ್ರಶ್ನೆ: "ಸರ್, ಬ್ಲ್ಯಾಕ್ ಲೇಬಲ್, ಟೀಚರ್ಸ್ ಕುಡಿದಾಗ ಒಂಥರಾ ಹೊಗೆ ವಾಸನೆ ಬರುತ್ತೆ. ಸುಟ್ಟ ಪೀಪಾಯಿಯಲ್ಲಿ ಇಡೋದ್ರಿಂದ ಹಾಗಂತೆ, ಹೌದಾ? ಆ ರುಚಿ ಸರಿಯಾಗಿ ಸಿಗಬೇಕು ಅಂದ್ರೆ ಹೇಗೆ ಕುಡೀಬೇಕು?"

ಎರಡನೇ ಭಾಗಕ್ಕೆ ಉತ್ತರ ಸುಲಭ, ಆಮೇಲೆ ಹೇಳುತ್ತೇನೆ. ಮೊದಲನೇ ಭಾಗ ಮಾತ್ರ ನನ್ನನ್ನು ಬಿಡುವುದೇ ಇಲ್ಲ. ಎಷ್ಟು ಜನಕ್ಕೆ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಸುಟ್ಟ ಪೀಪಾಯಿ ಎದುರಿಗೆ ಬರುತ್ತದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಹೇಳಿಬಿಡುತ್ತೇನೆ.

ಹೊಗೆ ಪೀಪಾಯಿಯಿಂದ ಬರುವುದಲ್ಲ. ಕಾಳಿನಿಂದ ಬರುವುದು.

ರಾಗಿ ಮಾಲ್ಟ್ ಮಾಡುವುದನ್ನು ಎಲ್ಲರೂ ನೋಡಿದ್ದೀರಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಬಾರ್ಲಿಗೆ ಮಾಡುವುದೂ ಇದನ್ನೇ. ಆದರೆ ನಮ್ಮ ಹಾಗೆ ಬಿಸಿಲಿಗೆ ಹರವೋಣ ಅಂದರೆ ಅಲ್ಲಿ ಬಿಸಿಲೆಲ್ಲಿದೆ? ಬೆಂಕಿ ಹಾಕಿಯೇ ಒಣಗಿಸಬೇಕು. ಪಶ್ಚಿಮದ ದ್ವೀಪಗಳಲ್ಲಿ ಮರ ಕಡಿಮೆ. ಹಾಗಾಗಿ ಕಾಲ ಕೆಳಗಿದ್ದ ನೆಲವನ್ನೇ ಅಗೆದು ಉರಿಸಿದರು. ಅದೇ ಪೀಟ್. ಜವುಗು ನೆಲದಲ್ಲಿ ಪಾಚಿ, ಹುಲ್ಲು, ಗಿಡಗಂಟಿ ಸಾವಿರಾರು ವರ್ಷ ಅರೆಬರೆ ಕೊಳೆತು ಕೂತ ಪದರ. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಇಟ್ಟಿಗೆಯ ಹಾಗೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕಿದರೆ ಉರಿಗಿಂತ ಹೊಗೆಯೇ ಜಾಸ್ತಿ. ಮೊಳಕೆ ಬಂದ ಕಾಳು ಇನ್ನೂ ಹಸಿಯಾಗಿರುವಾಗಲೇ ಆ ಹೊಗೆ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಕೊಡಗಿನಲ್ಲಿ ಒಲೆಯ ಮೇಲೆ ತೂಗುಹಾಕಿದ ಮಾಂಸಕ್ಕೆ ಹೊಗೆ ಹಿಡಿಯುತ್ತದಲ್ಲ, ಹಾಗೆ. ಹೊಗೆಯಲ್ಲಿರುವ ಫಿನಾಲ್ ಎಂಬ ಗುಂಪಿನ ವಸ್ತುಗಳು ಕಾಳಿನ ಜೊತೆ ಹುಳಿ ಬರಿಸುವ ತೊಟ್ಟಿಗೆ ಹೋಗುತ್ತವೆ. ಅಲ್ಲಿಂದ ಭಟ್ಟಿಗೆ. ಅಲ್ಲಿಂದ ನಿಮ್ಮ ಗ್ಲಾಸಿಗೆ.

ಇಷ್ಟು ಹೇಳಿದ ಮೇಲೂ "ಆದರೆ ಪೀಪಾಯಿಯ ಒಳಗೆ ಸುಡ್ತಾರಲ್ವಾ?" ಎಂದು ಕೇಳುತ್ತಾರೆ. ಹೌದು, ಸುಡುತ್ತಾರೆ. ಅದು ಸುಳ್ಳಲ್ಲ. ಅದಕ್ಕೇ ಈ ತಪ್ಪು ತಿಳಿವಳಿಕೆ ಇಷ್ಟು ಗಟ್ಟಿ. ಬ್ಲ್ಯಾಕ್ ಲೇಬಲ್‌ನವರದೇ ಇನ್ನೊಂದು ವಿಸ್ಕಿ ಡಬಲ್ ಬ್ಲ್ಯಾಕ್. ಅದನ್ನು ಮಾರುವಾಗ ಕಂಪನಿಯೇ ಚೆನ್ನಾಗಿ ಸುಟ್ಟ ಪೀಪಾಯಿಗಳ ಮಾತು ಎತ್ತುತ್ತದೆ. ಓದಿದವರು ಹೊಗೆ ಅಲ್ಲಿಂದಲೇ ಬಂತು ಅಂದುಕೊಳ್ಳುತ್ತಾರೆ. ಈಗ ಸ್ವಲ್ಪ ಯೋಚನೆ ಮಾಡಿ.

ಅಮೆರಿಕದ ಬೂರ್ಬನ್ನನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂದು ಅಲ್ಲಿನ ಕಾನೂನಿದೆ. ಅದಕ್ಕಿಂತ ಹೆಚ್ಚು ಸುಟ್ಟ ಮರ ಕಂಡ ವಿಸ್ಕಿ ಬೇರೆ ಸಿಗುವುದು ಕಷ್ಟ. ಜಿಮ್ ಬೀಮ್ ಕುಡಿದು ನೋಡಿ, ಹೊಗೆ ಇದೆಯಾ? ವೆನಿಲಾ ಇದೆ, ಕಾಯಿಸಿದ ಸಕ್ಕರೆಯ ಸಿಹಿ ಇದೆ. ಸುಟ್ಟ ಓಕ್ ಕೊಡುವುದು ಮುಖ್ಯವಾಗಿ ಅದನ್ನೇ, ಜೊತೆಗೆ ಚೂರು ಮಸಾಲೆಯ ಘಮ. ಆ ಬೂರ್ಬನ್ ಖಾಲಿಯಾದ ಪೀಪಾಯಿಗಳೇ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಅಲ್ಲಿನ ಗ್ಲೆನ್‌ಲಿವೆಟ್ ವಿಸ್ಕಿ ಇರುವುದೂ ಅಂಥದ್ದರಲ್ಲೇ, ಕೂಲ್ ಈಲಾ ಇರುವುದೂ ಅಂಥದ್ದರಲ್ಲೇ. ಮೊದಲನೆಯದರಲ್ಲಿ ಹೊಗೆಯಿಲ್ಲ, ಎರಡನೆಯದರಲ್ಲಿ ತುಂಬಿ ತುಳುಕುತ್ತದೆ. ಪೀಪಾಯಿಯೇ ಕಾರಣವಾಗಿದ್ದರೆ ಹೀಗಾಗುತ್ತಿತ್ತಾ?

ಇನ್ನೂ ಒಂದು ಮಾತು. ಭಟ್ಟಿಯಿಂದ ಆಗಷ್ಟೇ ಇಳಿದ, ಇನ್ನೂ ಮರವನ್ನೇ ಮುಟ್ಟದ, ನೀರಿನ ಹಾಗೆ ತಿಳಿಯಾದ ಸ್ಪಿರಿಟ್ಟಿನಲ್ಲಿ ಹೊಗೆ ಆಗಲೇ ಇರುತ್ತದೆ. ಅದೂ ಅತಿ ಜೋರಾಗಿ. ಪೀಪಾಯಿಯಲ್ಲಿ ವರ್ಷ ಕಳೆದ ಹಾಗೆ ಅದು ಮೆತ್ತಗಾಗುತ್ತ ಹೋಗುತ್ತದೆ. ಪೀಪಾಯಿ ಹೊಗೆ ಕೊಡುವುದಿರಲಿ, ಇದ್ದ ಹೊಗೆಯನ್ನೇ ತಗ್ಗಿಸುತ್ತದೆ.

ಸಾಕ್ಷಿಗೆ ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಂಗಳೂರಿನ ಅಮೃತ್‌ನವರ ಫ್ಯೂಷನ್ ವಿಸ್ಕಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಭಾರತದ ಬಾರ್ಲಿ ಸುಮಾರು 75 ಪಾಲು, ಪೀಟ್ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ 25 ಪಾಲು. ಹೊಗೆ ಬೇಕು ಎಂದು ಅವರು ಸಮುದ್ರದಾಚೆಯಿಂದ ತರಿಸಿದ್ದು ಕಾಳನ್ನು. ಪೀಪಾಯಿ ಸುಟ್ಟರೆ ಸಾಕಾಗಿದ್ದಿದ್ದರೆ ಅವರ ಭಟ್ಟಿ ಇರುವ ಕುಂಬಳಗೋಡಿನ ಹತ್ತಿರ ಬೆಂಕಿಗೇನು ಬರವೇ?

ಹೊಗೆಯ ಎಸೆನ್ಸ್ ಬೆರೆಸುತ್ತಾರೆ ಅನ್ನುವವರೂ ಇದ್ದಾರೆ. ಸ್ಕಾಚ್‌ಗೆ ನೀರು ಮತ್ತು ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟರೆ ಬೇರೇನೂ ಸೇರಿಸುವ ಹಾಗಿಲ್ಲ. ಮುಗಿಯಿತು.

ಇನ್ನು ನೀವು ಕೇಳಿದ ಎರಡು ಬಾಟಲಿ. ಎರಡೂ ಬ್ಲೆಂಡ್. ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಹಲವು ಮಾಲ್ಟ್ ವಿಸ್ಕಿಗಳ ಜೊತೆ, ಗೋಧಿ ಅಥವಾ ಮೆಕ್ಕೆಜೋಳದಿಂದ ಮಾಡಿದ ಮೆದುವಾದ ಗ್ರೇನ್ ವಿಸ್ಕಿ ಬೆರೆಸಿದ್ದು. ಟೀಚರ್ಸ್‌ನ ಹೊಗೆ ಆರ್ಡ್‌ಮೋರ್ ಎಂಬ ಡಿಸ್ಟಿಲರಿಯದು. ಆಡಮ್ ಟೀಚರ್ 1898ರಲ್ಲಿ ಅದನ್ನು ಕಟ್ಟಿಸಿದ್ದೇ ತಮ್ಮ ಬ್ಲೆಂಡಿಗೆ ಬೇಕಾದ ಮಾಲ್ಟ್ ತಪ್ಪದೆ ಸಿಗಲಿ ಎಂದು. ಅದು ದ್ವೀಪದಲ್ಲಿಲ್ಲ, ಮುಖ್ಯ ನೆಲದಲ್ಲಿದೆ. ಅದರ ಹೊಗೆಯಲ್ಲಿ ಸಮುದ್ರದ ವಾಸನೆ ಇರುವುದಿಲ್ಲ, ಒಣ ಮಣ್ಣು, ಸೌದೆ ಒಲೆಯ ನೆನಪು ಬರುತ್ತದೆ. ಬ್ಲ್ಯಾಕ್ ಲೇಬಲ್‌ನ ಹೊಗೆಯಲ್ಲಿ ದೊಡ್ಡ ಪಾಲು ಐಲಾ ದ್ವೀಪದ ಕೂಲ್ ಈಲಾದ್ದು. ಉಪ್ಪುಗಾಳಿ, ಸ್ವಲ್ಪ ಆಸ್ಪತ್ರೆಯ ವಾಸನೆ. ಇದನ್ನೇ ಕುಡಿದು "ಡೆಟಾಲ್ ತರಹ ಇದೆ" ಎಂದು ಮುಖ ಕಿವುಚುವವರನ್ನು ಕಂಡರೆ ನನಗೆ ಖುಷಿ. ಅವರ ಮೂಗು ಸರಿಯಾಗಿದೆ. ಮೂಗಿಗೆ ಹಾಗೆ ಅನ್ನಿಸುವುದೂ ಫಿನಾಲ್‌ನಿಂದಲೇ.

ಈಗ ಕುಡಿಯುವ ವಿಷಯ. ಒಂದು ಲಾರ್ಜ್ ಬೇಡ, ರುಚಿ ನೋಡಲು 30 ಎಂಎಲ್ ಸಾಕು. ಬಾಯಿ ಕಿರಿದಾದ ಸಣ್ಣ ಗ್ಲಾಸು ಇದ್ದರೆ ಒಳ್ಳೆಯದು. ಮೂಗನ್ನು ಒಳಗೆ ತೂರಿಸಬೇಡಿ, ಬರೀ ಸ್ಪಿರಿಟ್ ಚುಚ್ಚುತ್ತದೆ. ಗ್ಲಾಸಿನ ಅಂಚಿಗೆ ಮೂಗು ತಂದು, ಬಾಯಿ ಚೂರು ತೆರೆದು ಉಸಿರೆಳೆದುಕೊಳ್ಳಿ. ಮೊದಲ ಗುಟುಕು ಹಾಗೇ ಕುಡಿಯಿರಿ. ಆಮೇಲೆ ಒಂದು ಚಮಚ ನೀರು ಹಾಕಿ. ನೀರು ಹಾಕಿದರೆ ಮರ್ಯಾದೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎಂಬ ಅಣು, ಆಲ್ಕೋಹಾಲ್ ತುಂಬಾ ಜಾಸ್ತಿ ಇದ್ದಾಗ ದ್ರವದ ಒಳಗೆ ಉಳಿಯುತ್ತದೆ. ನೀರು ಸೇರಿ ಆಲ್ಕೋಹಾಲ್ 45 ಪರ್ಸೆಂಟಿಗೋ ಅದರ ಕೆಳಗೋ ಬಂದಾಗ ಮೇಲಕ್ಕೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಸಿಗುವ ಬಾಟಲಿಗಳ ಮೇಲೆ 40 ಅಥವಾ 42.8 ಎಂದಿರುತ್ತದೆ, ಅಂದರೆ ಆ ಕೆಲಸ ಬಹಳಷ್ಟು ಆಗಿಯೇ ಬಂದಿದೆ. ಹಾಗಾಗಿ ನೀರು ಚಮಚದ ಲೆಕ್ಕದಲ್ಲಿರಲಿ, ಚೊಂಬಿನ ಲೆಕ್ಕದಲ್ಲಿ ಬೇಡ.

ಐಸ್ ವಾಸನೆಯನ್ನು ಕಟ್ಟಿಹಾಕುತ್ತದೆ. ಸೆಕೆಗಾಲಕ್ಕೆ ಸೋಡಾ ಚೆನ್ನ, ಗುಳ್ಳೆಯ ಜೊತೆ ಹೊಗೆ ಮೂಗಿಗೆ ಏರುತ್ತದೆ. ಕೋಲಾ ಹಾಕುವುದಾದರೆ ಹೊಗೆಯ ಬಾಟಲಿಗೆ ಸುಮ್ನೆ ದುಡ್ಡು ಕೊಡಬೇಡಿ. ಕಾಂಗ್ರೆಸ್ ಕಡ್ಲೆಕಾಯಿ ಪೊಟ್ಟಣವನ್ನು ರುಚಿ ನೋಡಿದ ಮೇಲೆ ಬಿಚ್ಚಿ. ಖಾರ ತಾಗಿದ ನಾಲಿಗೆಗೆ ಇಷ್ಟು ಸಣ್ಣ ರುಚಿಗಳು ತಿಳಿಯುವುದಿಲ್ಲ.

ಒಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಗ್ಲಾಸು ಖಾಲಿಯಾದ ಮೇಲೆ ತೊಳೆಯಬೇಡಿ. ಹಾಗೇ ಮೇಜಿನ ಮೇಲೆ ಬಿಡಿ. ಆಲ್ಕೋಹಾಲ್ ಬೇಗ ಆರಿಹೋಗುತ್ತದೆ, ಹೊಗೆಯ ಅಂಶ ಅಷ್ಟು ಬೇಗ ಹಾರುವುದಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಆ ಒಣ ಗ್ಲಾಸನ್ನು ಮೂಗಿನ ಹತ್ತಿರ ಹಿಡಿಯಿರಿ. ಚುಚ್ಚುವ ಸ್ಪಿರಿಟ್ ಇಲ್ಲ, ಗಂಟಲುರಿ ಇಲ್ಲ. ಬಚ್ಚಲುಮನೆಯ ಹಂಡೆ ಒಲೆ ರಾತ್ರಿಯಿಡೀ ಆರಿ, ಬೆಳಗಿನ ತಂಪಿನಲ್ಲಿ ಬೂದಿ ಕೆದಕಿದಾಗ ಬರುತ್ತಿತ್ತಲ್ಲ, ಆ ವಾಸನೆ. ಟೀಚರ್ಸ್ ಗ್ಲಾಸಿನಲ್ಲಿ ನನಗೆ ಅದು ಸ್ಪಷ್ಟವಾಗಿ ಸಿಗುತ್ತದೆ. ಬ್ಲ್ಯಾಕ್ ಲೇಬಲ್‌ನಲ್ಲಿ ಅದರ ಜೊತೆ ಒಣದ್ರಾಕ್ಷಿಯ ಸಿಹಿಯೂ ಇರುತ್ತದೆ.