ರೂಪಾಯಿ ಬಲವಾದ ವರ್ಷ ಬೀಜದ ಫ್ಯಾಕ್ಟರಿಯಲ್ಲಿ

ಡಾಲರ್ 80 ರೂಪಾಯಿ ದಾಟಿದ ಮೇಲೆ ಮಂಗಳೂರಿನಲ್ಲಿ ಸಿಕ್ಕವರೆಲ್ಲ ನನಗೆ ಕೇಳುವ ಪ್ರಶ್ನೆ ಒಂದೇ. "ರೂಪಾಯಿ ಮತ್ತೆ 40ಕ್ಕೆ ಬಂದರೆ ದೇಶ ಬಚಾವ್ ಅಲ್ವಾ?" ಆ 40 ರೂಪಾಯಿಯ ವರ್ಷವನ್ನು ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ನೋಡಿದ್ದೇನೆ. ಅದು 2007. ಜನವರಿಯಲ್ಲಿ ಡಾಲರಿಗೆ ಸುಮಾರು 44 ಇದ್ದದ್ದು ವರ್ಷದ ಕೊನೆಗೆ 39ರ ಆಸುಪಾಸಿಗೆ ಬಂದಿತ್ತು, ಅಂದರೆ ರೂಪಾಯಿ ಏರಿತ್ತು.

ನಮ್ಮ ಗಿರಾಕಿಗಳಲ್ಲಿ ಗೇರುಬೀಜದ ಫ್ಯಾಕ್ಟರಿಯವರು ಒಬ್ಬರಿದ್ದರು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಬೆಳೆಯುವ ಬೀಜ ಫ್ಯಾಕ್ಟರಿಗಳಿಗೆ ವರ್ಷಪೂರ್ತಿ ಸಾಲುವುದಿಲ್ಲ. ಹಾಗಾಗಿ ತಾಂಜಾನಿಯಾ, ಐವರಿ ಕೋಸ್ಟ್ ಕಡೆಯಿಂದ ಕಚ್ಚಾ ಬೀಜ ತರಿಸಬೇಕು, ಅದಕ್ಕೆ ಡಾಲರ್ ಕೊಡಬೇಕು. ಬೀಜವನ್ನು ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತದೆ ಎಂದು ನೋಡಿ 240, 320 ಎಂದು ಗ್ರೇಡ್ ಮಾಡಿ ಹೊರದೇಶಕ್ಕೆ ಕಳಿಸುವಾಗ ತಿಂಗಳುಗಳೇ ಕಳೆದಿರುತ್ತವೆ. ಕೊಳ್ಳುವುದೂ ಡಾಲರಿನಲ್ಲಿ, ಮಾರುವುದೂ ಡಾಲರಿನಲ್ಲಿ. ಹಾಗಿದ್ದ ಮೇಲೆ ರೂಪಾಯಿ ಏರಿದರೆ ಏನಂತೆ ಎಂದು ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಲೆಕ್ಕ ಸುಲಭವಾಗಲಿ ಎಂದು ದುಂಡು ಅಂಕಿ ಹಿಡಿಯೋಣ. 10 ಲಕ್ಷ ಡಾಲರಿನ ಕಚ್ಚಾ ಬೀಜ, 44ರ ದರದಲ್ಲಿ 4 ಕೋಟಿ 40 ಲಕ್ಷ ರೂಪಾಯಿ. ಕೂಲಿ, ಕರೆಂಟು, ಬಡ್ಡಿ ಸೇರಿ 45 ಲಕ್ಷ. ಗೋಡಂಬಿ ಮಾರಿದಾಗ ಸಿಗುವುದು ಹನ್ನೊಂದೂವರೆ ಲಕ್ಷ ಡಾಲರ್. ದರ 44ರಲ್ಲೇ ನಿಂತಿದ್ದರೆ ಅದು 5 ಕೋಟಿ 6 ಲಕ್ಷ, ಅಂದರೆ 21 ಲಕ್ಷ ಲಾಭ. ಆದರೆ ಹಣ ಬರುವ ಹೊತ್ತಿಗೆ ದರ 39.50. ಕೈಗೆ ಬಂದದ್ದು 4 ಕೋಟಿ 54 ಲಕ್ಷ. 31 ಲಕ್ಷ ನಷ್ಟ! ಬೀಜ ಹಾಳಾಗಲಿಲ್ಲ, ಗಿರಾಕಿ ಮೋಸ ಮಾಡಲಿಲ್ಲ, ಹೆಂಗಸರು ಒಂದು ದಿನ ಕೆಲಸ ತಪ್ಪಿಸಲಿಲ್ಲ. ಆದರೂ ನಷ್ಟ.

ಫಾರ್ವರ್ಡ್ ಬುಕ್ ಮಾಡಿದ್ದರೆ, ಅಂದರೆ ಮುಂದೆ ಬರುವ ಡಾಲರಿಗೆ ಆಗಲೇ ದರ ಗಟ್ಟಿ ಮಾಡಿಕೊಂಡಿದ್ದರೆ, ಉಳಿಯುತ್ತಿದ್ದರು. "ಸ್ವಲ್ಪ ಕಾಯೋಣ, ರೂಪಾಯಿ ಇಳಿದೇ ಇಳಿಯುತ್ತದೆ" ಅಂದವನು ನಾನು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆ ಸೀಸನ್ನಿನಲ್ಲಿ ಅವರು ವಾರಕ್ಕೆ ಎರಡು ದಿನ ಫ್ಯಾಕ್ಟರಿ ಮುಚ್ಚಿದರು. ಸಿಪ್ಪೆ ತೆಗೆಯುವ ಹೆಂಗಸರಿಗೆ ತೂಕದ ಮೇಲೆ ಕೂಲಿ. ಬೀಜ ಇಲ್ಲದಿದ್ದರೆ ತೂಕವೂ ಇಲ್ಲ. ಡಾಲರ್ ಮುಖವನ್ನೇ ನೋಡದವರಿಗೆ ಮೊದಲ ಪೆಟ್ಟು ಬಿತ್ತು.

ಎರಡನೇ ಪೆಟ್ಟು ಗಲ್ಫಿನಲ್ಲಿದ್ದವರ ಮನೆಗಳಿಗೆ. ಯುಎಇಯ ದಿರ್ಹಾಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ, ಒಂದು ಡಾಲರಿಗೆ 3.6725. ಡಾಲರ್ ಇಳಿದರೆ ಅದೂ ಇಳಿಯುತ್ತದೆ. ತಿಂಗಳಿಗೆ 2,000 ದಿರ್ಹಾಮ್ ಕಳಿಸುತ್ತಿದ್ದ ಹುಡುಗನ ಮನೆಗೆ ಮೊದಲು ಸುಮಾರು 23,950 ರೂಪಾಯಿ ಬರುತ್ತಿತ್ತು. ಆಮೇಲೆ 21,500. ಮನೆ ಸಾಲದ ಕಂತು ಮಾತ್ರ ಅಷ್ಟೇ ಇತ್ತು. ಉಡುಪಿ, ಕುಂದಾಪುರದಲ್ಲಿ ಎಷ್ಟೋ ಮನೆಗಳು ಅರ್ಧಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು.

ಲಾಭವಾದದ್ದೂ ನಿಜ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಹೆಚ್ಚಿನ ಪಾಲು ಹೊರಗಿಂದಲೇ ಬರುತ್ತದೆ. ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುವ ಹಡಗುಗಳನ್ನು ನೋಡಿದರೆ ಸಾಕು. ರೂಪಾಯಿ ಬಲವಾದರೆ ಆ ಬಿಲ್ಲು ಇಳಿಯುತ್ತದೆ. ತಾಳೆ ಎಣ್ಣೆ, ಗೊಬ್ಬರ, ಯಂತ್ರ ಅಗ್ಗವಾಗುತ್ತವೆ, ಬೆಲೆಯೇರಿಕೆ ತಣ್ಣಗಾಗುತ್ತದೆ. ಡಾಲರಿನಲ್ಲಿ ಮಾಡಿದ ಸಾಲ ಹಗುರವಾಗುತ್ತದೆ. ಆದರೆ ರೂಪಾಯಿ ಶೇ. 10 ಏರಿತು ಅಂತ ಪೆಟ್ರೋಲ್ ಶೇ. 10 ಇಳಿಯುವುದಿಲ್ಲ. ಪಂಪಿನ ದರದಲ್ಲಿ ತೆರಿಗೆಯ ಪಾಲು ಜಾಸ್ತಿ, ತೈಲದ ದರವೂ ಸುಮ್ನೆ ನಿಲ್ಲುವುದಿಲ್ಲ. ಹೀಗೆ ಲಾಭ ಎಲ್ಲರಿಗೂ ಚೂರುಚೂರಾಗಿ ಹಂಚಿಹೋಗುತ್ತದೆ. ನಷ್ಟ ಮಾತ್ರ ಕೆಲವರ ತಲೆಯ ಮೇಲೆ ಒಟ್ಟಿಗೆ ಬೀಳುತ್ತದೆ.

ನಾನು ಗಿರಾಕಿಗಳಿಗೆ ಹೇಳುವುದು ಇಷ್ಟು: ರೂಪಾಯಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು, ಯಾಕೆ ಏರಿತು ಅನ್ನುವುದನ್ನು ನೋಡಿ. ನಮ್ಮ ಸರಕಿಗೆ ಬೇಡಿಕೆ ಹೆಚ್ಚಿ ಮೆಲ್ಲಗೆ ಏರಿದರೆ ಫ್ಯಾಕ್ಟರಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. 2007ರಲ್ಲಿ ಆದದ್ದು ಬೇರೆ. ವಿದೇಶಿ ಹಣ ಶೇರುಪೇಟೆಗೆ ನುಗ್ಗಿತು. ರಿಸರ್ವ್ ಬ್ಯಾಂಕ್ ಡಾಲರ್ ಕೊಂಡುಕೊಂಡು ತಡೆಯಲು ನೋಡಿತು. ಕೊಂಡಷ್ಟೂ ಅದಕ್ಕೆ ಕೊಟ್ಟ ರೂಪಾಯಿ ಪೇಟೆಗೆ ಹರಿಯುತ್ತದೆ, ಅದನ್ನು ವಾಪಸ್ ಹೀರಲು ಬಾಂಡ್ ಮಾರಬೇಕು, ಆ ಬಾಂಡಿಗೆ ಸರ್ಕಾರ ಬಡ್ಡಿ ಕೊಡಬೇಕು. ಬಂದ ಹಣ 2008ರಲ್ಲಿ ಓಡಿಹೋಯಿತು, ಆ ವರ್ಷವೇ ಡಾಲರ್ 50 ಮುಟ್ಟಿತು. ಅಷ್ಟರಲ್ಲಿ ಮುಚ್ಚಿದ ಫ್ಯಾಕ್ಟರಿ ಮತ್ತೆ ತೆರೆಯುವುದಿಲ್ಲ.

ಜಪಾನಿಗೂ ಈ ಪಾಡು ಬಂದಿತ್ತು. ಡಾಲರಿನ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ಹೊತ್ತಿಗೆ ಡಾಲರಿಗೆ ಸುಮಾರು 240 ಯೆನ್. 1987ರ ಕೊನೆಗೆ ಅದರ ಅರ್ಧ. ಸೋತ ರಫ್ತುದಾರರನ್ನು ಎತ್ತಲು ಬಡ್ಡಿ ಇಳಿಸಿದರು. ಆ ಅಗ್ಗದ ಹಣ ಜಮೀನು, ಶೇರಿಗೆ ಹರಿದು, ಅವುಗಳ ಬೆಲೆ ಗುಳ್ಳೆಯಂತೆ ಉಬ್ಬಿ, 1990ರ ಹೊತ್ತಿಗೆ ಒಡೆಯಿತು.

ನಮ್ಮ ಬೀಜದ ಫ್ಯಾಕ್ಟರಿಯವರು ಉಳಿದುಕೊಂಡರು. ಈಗ ಅವರ ಗೋಡಂಬಿ ಹೆಚ್ಚಾಗಿ ಹೋಗುವುದು ಮುಂಬೈಗೆ, ದೆಹಲಿಗೆ. ಕಚ್ಚಾ ಬೀಜಕ್ಕೆ ಮಾತ್ರ ಈಗಲೂ ಡಾಲರೇ ಬೇಕು. ಹಾಗಾಗಿ ರೂಪಾಯಿ ಬಲವಾಗಲಿ ಎಂದು ಹಾರೈಸುವವರಲ್ಲಿ ಈಗ ಅವರೂ ಒಬ್ಬರು. ಆದರೆ ರೂಪಾಯಿ ಬಲವಾದರೆ ವಿಯೆಟ್ನಾಂನ ಗೋಡಂಬಿಯೂ ಇಲ್ಲಿ ಅಗ್ಗವಾಗುತ್ತದೆ. ಸರ್ಕಾರ ಆಮದಿಗೆ ಕನಿಷ್ಠ ಬೆಲೆ ಕಟ್ಟಿರುವುದರಿಂದ ಸದ್ಯಕ್ಕೆ ತಡೆ ಇದೆ. ಕಳೆದ ಸಲ ಬಂದಾಗ ಅವರು ದರ ಕೇಳಲಿಲ್ಲ. ಎಲ್‌ಸಿ, ಅಂದರೆ ಮಾರುವವರಿಗೆ ಬ್ಯಾಂಕ್ ಕೊಡುವ ಪಾವತಿಯ ಖಾತರಿ ಪತ್ರ, ತೆರೆದ ದಿನವೇ ಮುಂದೆ ಕೊಡಬೇಕಾದ ಡಾಲರಿನಲ್ಲಿ ಅರ್ಧದಷ್ಟಕ್ಕೆ ಫಾರ್ವರ್ಡ್ ಬುಕ್ ಮಾಡಿ, ಚಹಾ ಕುಡಿದು ಹೋದರು.