ಶಾಯಿ ಮುಟ್ಟಿದ ಅಂಚು

ಆಲೂಗಡ್ಡೆಯ ಕೊಳೆತ ಭಾಗ ಕೊಯ್ಯುವಾಗ ಹಾಸನದವರು ಸುತ್ತಲಿನ ಒಳ್ಳೆಯದನ್ನೂ ಸ್ವಲ್ಪ ಸೇರಿಸಿಯೇ ಕೊಯ್ಯುತ್ತಾರೆ. ಸ್ತನದ ಕ್ಯಾನ್ಸರ್ ಗಡ್ಡೆಗೂ ಅದೇ ಲೆಕ್ಕ. ತೆಗೆದ ತುಂಡಿನ ಹೊರಮೈಗೆ ಪೆಥಾಲಜಿಯವರು ಬಣ್ಣದ ಶಾಯಿ ಬಳಿಯುತ್ತಾರೆ. ಕ್ಯಾನ್ಸರ್ ಕೋಶ ಆ ಶಾಯಿಯನ್ನು ಮುಟ್ಟಿದ್ದರೆ ಅಂಚು ಪಾಸಿಟಿವ್. ಹಾಲಿನ ನಾಳ ಒಡೆದು ಹೊರಬಂದ ಕ್ಯಾನ್ಸರ್ ಶಾಯಿ ಮುಟ್ಟದಿದ್ದರೆ ಸಾಕು. ನಾಳದೊಳಗೇ ಉಳಿದಿರುವ ಡಿಸಿಐಎಸ್‌ಗೆ 2 ಮಿ.ಮೀ. ಅಂತರ ಬೇಕು.

ಇನ್ನೊಂದು ತೊಂದರೆಯಿದೆ, ತಪ್ಪಿಸಬಹುದಾದದ್ದು. ಬರೀ ಗಂಟೆಂದುಕೊಂಡು ಚೂರುಚೂರಾಗಿ ತೆಗೆದರೆ, ಅಥವಾ ಒಳಗೇನಿದೆ ನೋಡೋಣವೆಂದು ಅಲ್ಲೇ ಸೀಳಿದರೆ, ಹೊರಮೈ ಯಾವುದೆಂದು ಆಮೇಲೆ ಯಾರಿಗೂ ತಿಳಿಯದು. ತುಂಡು ಇಡಿಯಾಗಿ, ದಿಕ್ಕು ಹೇಳುವ ಹೊಲಿಗೆ ದಾರಗಳ ಸಮೇತ, ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಯೇ ಲ್ಯಾಬ್ ಸೇರಬೇಕು.

‘ಹೇಗೂ ಕರೆಂಟ್ (ರೇಡಿಯೇಷನ್) ಕೊಡ್ತಾರಲ್ಲ, ಸರಿಹೋಗುತ್ತೆ’ ಅನ್ನುವುದು ಅರ್ಧ ಸತ್ಯ. ಸ್ತನ ಉಳಿಸಿ ಗಡ್ಡೆ ತೆಗೆದಾಗ ಅಂಚು ಸ್ವಚ್ಛವಿದ್ದರೂ ಸಾಮಾನ್ಯವಾಗಿ ರೇಡಿಯೇಷನ್ ಬೇಕು. ಆದರೆ ಪಾಸಿಟಿವ್ ಅಂಚು ಬಿಟ್ಟು ರೇಡಿಯೇಷನ್ ಕೊಟ್ಟರೆ, ಅದೇ ಸ್ತನದಲ್ಲಿ ಕಾಯಿಲೆ ಮರಳುವ ಅಪಾಯ ಸ್ವಚ್ಛ ಅಂಚಿನವರಿಗಿಂತ ಕನಿಷ್ಠ ಎರಡು ಪಟ್ಟು. ಆದ್ದರಿಂದ ಮೊದಲು ಆ ಅಂಚನ್ನು ಮತ್ತೆ ಕೊಯ್ದು ತೆಗೆಯುವುದೇ ರೂಢಿ. ಎದೆಯ ಸ್ನಾಯುವಿನ ಪೊರೆಯವರೆಗೂ ಆಗಲೇ ಕೊಯ್ದಿದ್ದರೆ ಆ ಕಡೆ ತೆಗೆಯಲು ಸ್ತನದ ಭಾಗವೇ ಉಳಿದಿರುವುದಿಲ್ಲ. ಅಲ್ಲಿ ಭಾರವೆಲ್ಲ ರೇಡಿಯೇಷನ್ ಮೇಲೆ. ಹಾಗಾಗಿ ‘ಯಾವ ಅಂಚು, ಎಷ್ಟು ಮಿ.ಮೀ.?’ ಎಂದು ಡಾಕ್ಟರನ್ನು ಕೇಳಲೇಬೇಕು. ಸ್ತನ ಪೂರ್ತಿ ತೆಗೆದವರಲ್ಲೂ ಅಂಚು ಪಾಸಿಟಿವ್ ಬಂದರೆ ಎದೆಗೋಡೆಗೆ ರೇಡಿಯೇಷನ್ ಕೊಡುವ ಮಾತು ಬರುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವ ರೇಡಿಯೇಷನ್ ಲೆಕ್ಕ 15 ಸಿಟ್ಟಿಂಗ್‌ಗಳಲ್ಲಿ 40 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ). ವಾರಕ್ಕೆ ಐದು ದಿನ, ಒಟ್ಟು ಮೂರು ವಾರ. ಬೇಕಾದವರಿಗೆ ಗಡ್ಡೆಯಿದ್ದ ಜಾಗಕ್ಕೆ ‘ಬೂಸ್ಟ್’ ಅಂತ ಇನ್ನೂ 10–16 ಗ್ರೇ, 4–8 ಸಿಟ್ಟಿಂಗ್. ಸರ್ಜನ್ ಗುರುತಿಗೆಂದು ಒಳಗೆ ಟೈಟಾನಿಯಂ ಕ್ಲಿಪ್ ಬಿಟ್ಟಿದ್ದರೆ ಬೂಸ್ಟ್ ಗುರಿ ತಪ್ಪದು. ಕೀಮೋ ಇದ್ದರೆ ಅದು ಮುಗಿದ ಮೇಲೆ ರೇಡಿಯೇಷನ್.

ಮಷಿನ್ ಕೆಳಗೆ ತೋಳು ತಲೆಯ ಮೇಲೆತ್ತಿ ಮಲಗಬೇಕು. ಭುಜ ಬಿಗಿದುಕೊಂಡಿದ್ದರೆ ಪ್ಲಾನಿಂಗೇ ಮುಂದೆ ಹೋಗುತ್ತದೆ, ಹಾಗಾಗಿ ಆಪರೇಷನ್ ಆದಾಗಿನಿಂದಲೇ ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಎರಡು–ಮೂರನೇ ವಾರಕ್ಕೆ ಚರ್ಮ ಕೆಂಪಾಗಿ ಉರಿಯುತ್ತದೆ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಲು ಬಂತೆಂದು ರೇಡಿಯೇಷನ್ ನಡುವೆ ಬಿಟ್ಟು ಬರುವುದುಂಟು. ತಪ್ಪಿದ ದಿನಗಳಲ್ಲಿ ಕ್ಯಾನ್ಸರ್ ಕೋಶಗಳು ಚೇತರಿಸಿಕೊಳ್ಳುತ್ತವೆ. ಕಂಕುಳ ಗ್ರಂಥಿ ತೆಗೆದವರು ಆಮೇಲೆ ಹಣ್ಣು ಕೊಯ್ಯುವಾಗ ತುಂಬು ತೋಳಿನ ಅಂಗಿ ಹಾಕಬೇಕು; ಗೀರಿ ಕೀವಾದರೆ ಕೈ ಊದಿಕೊಳ್ಳಬಹುದು.

ಚಿಕಿತ್ಸೆಗೆ ಬೆಂಗಳೂರಿಗೋ ಮಂಗಳೂರಿಗೋ ಹೊರಡುವಾಗ ರಿಪೋರ್ಟಿನ ಜೊತೆ ಲ್ಯಾಬಿನಿಂದ ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್, ಸ್ಲೈಡ್‌ಗಳನ್ನೂ ಕೇಳಿ ಪಡೆಯಿರಿ. ಅಂಚನ್ನು ಮರುಪರೀಕ್ಷೆ ಮಾಡಲು ಅವೇ ಬೇಕು.